ಬೆಳ್ಳಿ ತೆತ್ತ ಈಡು

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು ೧೯೩೩ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದರ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ನವ್ಯರು ಬರೆದರು. ನವ್ಯರನ್ನು ಬಯ್ಯುವವರು ಬರೆದರು. ಪರೀಕ್ಷೆಗೆ ಗೈಡು ಮಾಡುವವರೂ ಬರೆದರು. ಎಲ್ಲರ ಕಣ್ಣೂ ಚೋಮನ ಮೇಲೆ, ಅವನ ಎತ್ತುಗಳ ಮೇಲೆ, ಕೊನೆಗೆ ಆ ದುಡಿಯ ಸದ್ದಿನ ಮೇಲೆ. ತುಂಡು ಭೂಮಿಯಲ್ಲಿ ಬೇಸಾಯ ಮಾಡಬೇಕೆಂದು ಒಬ್ಬ ಹೊಲೆಯ ಆಸೆಪಟ್ಟ, ಆಸೆ ಈಡೇರಲಿಲ್ಲ, ದುಡಿ ಬಾರಿಸುತ್ತಲೇ ಸತ್ತ. ಇದು ದುರಂತ ಅಂತ ಮೇಷ್ಟ್ರು ಹೇಳ್ತಾರೆ, ಹುಡುಗರು ಬರಕೊಳ್ತಾರೆ.

ಆದರೆ ಈ ಕಾದಂಬರಿಯಲ್ಲಿ ಒಂದು ಸಾಲ ಇದೆ. ಚೋಮನ ಆಸೆ ಈಡೇರದೆ ಹೋಯಿತು ನಿಜ, ಸಾಲ ಮಾತ್ರ ತೀರಿತು. ಯಾರು ತೀರಿಸಿದರು? ಏನು ಕೊಟ್ಟು ತೀರಿಸಿದರು? ಈ ಪ್ರಶ್ನೆ ನಮ್ಮ ಸಭೆಗಳಲ್ಲಿ ಕೇಳಿಬರುವುದು ಅಪರೂಪ. ಇದನ್ನು ಕೇಳದೆ ಕಾದಂಬರಿಯ ಇನ್ನೊಂದು ಸಂಗತಿಯೂ ಅರ್ಥವಾಗುವುದಿಲ್ಲ. ಚೋಮ ಕ್ರೈಸ್ತನಾಗಲು ಹೊರಟು ದಾರಿಯಲ್ಲಿ ಹಿಂದಿರುಗಿದ್ದನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ಕ್ರೈಸ್ತ ಧರ್ಮದ ನಡುಗಂಬವಾದ ‘ವಿಮೋಚನೆ’ ಎಂಬ ಮಾತು ಅಷ್ಟರಲ್ಲಾಗಲೇ ಅವನ ಗುಡಿಸಲೊಳಗೆ ನಡೆದುಹೋಗಿತ್ತು. ಅದನ್ನು ನಾವು ನೋಡಲಿಲ್ಲ, ಚೋಮನೂ ನೋಡಲಿಲ್ಲ.

ಕಥೆ ಗೊತ್ತಿರುವುದೇ. ಚೋಮ ಸಂಕಪ್ಪಯ್ಯ ಧಣಿಯ ಮನೆಯ ಮೂಲದಾಳು. ಕಾಫಿ ತೋಟದವರಿಗೆ ಅವನಿಂದ ಬರಬೇಕಾದ ಸಾಲವೊಂದಿದೆ. ವಸೂಲಿಗೆ ತೋಟದ ರೈಟರು ಮನ್ವೇಲ ಬರುತ್ತಾನೆ. ತೀರಿಸಲಿಕ್ಕೆ ಅಂತ ದೊಡ್ಡ ಮಕ್ಕಳಿಬ್ಬರು ತೋಟಕ್ಕೆ ಹೋಗುತ್ತಾರೆ. ಒಬ್ಬ ಸಾಯುತ್ತಾನೆ. ಇನ್ನೊಬ್ಬ ಗುರುವ, ಕ್ರೈಸ್ತರ ಹುಡುಗಿಯನ್ನು ಕಟ್ಟಿಕೊಂಡು ಆ ಮತಕ್ಕೆ ಸೇರಿ ಅಲ್ಲೇ ನಿಲ್ಲುತ್ತಾನೆ. ಎರಡು ಜನ ಗಂಡಾಳು ದುಡಿದರೂ ಸಾಲ ಇದ್ದಲ್ಲೇ ಇದೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ತೋಟದ ಧಣಿ ಅವಳ ಮೈಯನ್ನು ತಗೊಂಡು ಸಾಲ ಹೊಡೆದುಹಾಕುತ್ತಾನೆ. ಬೆಳ್ಳಿ ಮನೆಗೆ ಬಂದು ಅಪ್ಪನಿಗೆ ಸಾಲ ತೀರಿತು ಅಂತ ಹೇಳುತ್ತಾಳೆ. ಏನಾಯಿತು ಅಂತ ಹೇಳುವುದಿಲ್ಲ.

ಇಷ್ಟೇ. ಕಾದಂಬರಿಯ ಹಣಕಾಸಿನ ಲೆಕ್ಕ ಇಲ್ಲಿಗೆ ಮುಗಿಯಿತು.

ಈ ಲೆಕ್ಕ ಕಾಣಬೇಕಾದರೆ ಓದುವವನು ಜಾಗ ಬದಲಿಸಬೇಕು. ಚೋಮನ ಗುಡಿಸಲು ಇರುವುದು ಘಟ್ಟದ ಕೆಳಗೆ, ಸಾಲದ ಪುಸ್ತಕ ಇರುವುದು ಘಟ್ಟದ ಮೇಲೆ. ನಮ್ಮ ವಿಮರ್ಶಕರು ಯಾವಾಗಲೂ ಕೆಳಗೆ ನಿಂತು, ಮಕ್ಕಳು ಹೋದ ದಾರಿಯನ್ನು ಚೋಮನ ಹಾಗೆಯೇ ನೋಡುತ್ತ ಕೂತರು. ಒಂದು ಸಲ ಮೇಲೆ ಬಂದು ಓದೋಣ. ದಕ್ಷಿಣ ಕನ್ನಡದ ಆಳು ಘಟ್ಟ ಹತ್ತಿದರೆ ಸಿಗುವುದು ಕೊಪ್ಪ, ಜಯಪುರ, ಬಸರೀಕಟ್ಟೆ, ಬಾಳೆಹೊಳೆ, ಕಳಸ, ಮೂಡಿಗೆರೆಯ ಸೀಮೆ. ಕಾರಂತರ ತೋಟ ಇವುಗಳಲ್ಲಿ ಯಾವುದು ಅನ್ನುವುದು ಮುಖ್ಯವಲ್ಲ, ಇಂಥ ಎಲ್ಲ ಕಡೆಯೂ ನಡೆದದ್ದು ಒಂದೇ. ಸೇರೆಗಾರನ ಕೈಯಲ್ಲಿ ಮುಂಗಡ ಬರುತ್ತದೆ, ಮುಂಗಡದ ಹಿಂದೆ ಆಳು ಬರುತ್ತದೆ, ಆಳಿನ ಲೆಕ್ಕ ರೈಟರ ಪುಸ್ತಕದಲ್ಲಿ ಬೆಳೆಯುತ್ತದೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲೇ ಹುಟ್ಟಿದ ಕುವೆಂಪು ಮೂರು ವರ್ಷದ ನಂತರ ಬರೆದ ‘ಕಾನೂರು ಹೆಗ್ಗಡಿತಿ’ಯಲ್ಲೂ ಘಟ್ಟದ ತಗ್ಗಿನ ಆಳುಗಳಿದ್ದಾರೆ, ಸೇರೆಗಾರನಿದ್ದಾನೆ. ಮುಂಗಡ ತಗೊಂಡು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವ ೧೮೫೯ರ ಒಂದು ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿತ್ತು. ಅದನ್ನು ರದ್ದು ಮಾಡಿದ್ದು ೧೯೨೫ರಲ್ಲಿ, ಚೋಮನ ಕಥೆ ಅಚ್ಚಾಗುವುದಕ್ಕೆ ಬರೇ ಎಂಟು ವರ್ಷ ಮೊದಲು. ಸಾಲ ಅಂದರೆ ದೇಹವನ್ನೇ ಹಿಡಿದು ತರಬಹುದು ಅನ್ನುವುದು ಆ ಕಾಲದವರಿಗೆ ಉಪಮೆಯಾಗಿರಲಿಲ್ಲ.

ಈ ಸೀಮೆಯ ಒಂದು ದಿಕ್ಕಿನಲ್ಲಿ ಶೃಂಗೇರಿ ಇದೆ, ಅಲ್ಲಿ ಮೋಕ್ಷದ ಮಾತು. ಕರಾವಳಿಯಿಂದ ಬಂದ ಕೊಂಕಣಿ ಕ್ರೈಸ್ತರ ಇಗರ್ಜಿಗಳಿವೆ, ಅಲ್ಲಿ ರಕ್ಷಣೆಯ ಮಾತು. ಎರಡರ ನಡುವೆ ಲೈನು ಮನೆಗಳು. ಅಲ್ಲಿನ ಮಾತು ಸಾಲದ್ದು.

ಮಾತು ಅಂದೆ. ಆ ಮಾತುಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಧರ್ಮಗಳು ಬಡವರ ಬಾಯಿಂದ ಮಾತು ತಗೊಂಡು, ತೊಳೆದು, ಮಡಿ ಮಾಡಿ ವಾಪಸು ಕೊಡುತ್ತವೆ. ಕೊಂಕಣಿ ಕ್ರೈಸ್ತರು ವಿಮೋಚನೆಗೆ ‘ಸೊಡ್ವಣ್’ ಅನ್ನುತ್ತಾರೆ. ಬಿಡುವುದು, ಬಿಡಿಸುವುದು ಅನ್ನುವ ಮಾತಿನಿಂದ ಬಂದದ್ದು. ಕಟ್ಟಿದ್ದನ್ನು ಬಿಚ್ಚಬೇಕು ಅಂತ ಅರ್ಥ, ನೆಲದ ಮೇಲಿನ ಮಾತು. ಕನ್ನಡದಲ್ಲಿ ಕ್ರಿಸ್ತನಿಗೆ ‘ಲೋಕೋದ್ಧಾರಕ’ ಅಂತಲೂ ಹೇಳುತ್ತಾರೆ. ಈ ‘ಉದ್ಧಾರ’ದ ವಿಚಾರಕ್ಕೆ ಆಮೇಲೆ ಬರ್ತೇನೆ. ಕನ್ನಡ ಬೈಬಲ್ಲಿನಲ್ಲಿ ಇನ್ನೊಂದು ಶಬ್ದ ಬರುತ್ತದೆ: ‘ಈಡು’. ಅನೇಕರನ್ನು ಬಿಡಿಸಲು ಯೇಸು ತನ್ನ ಪ್ರಾಣವನ್ನೇ ಈಡಾಗಿ ಕೊಡಲು ಬಂದ ಅನ್ನುವಲ್ಲಿ ಮಾರ್ಕನ ಸುವಾರ್ತೆಯ ಅನುವಾದಕರು ಆರಿಸಿಕೊಂಡ ಶಬ್ದ ಇದು. ಒಳ್ಳೆಯ ಆಯ್ಕೆ. ಈಡು ಅಂದರೆ ಸಾಲಕ್ಕೆ ಇಟ್ಟ ಒತ್ತೆ, ಒಂದಕ್ಕೆ ಬದಲು ಕೊಟ್ಟ ಇನ್ನೊಂದು. ನಮ್ಮ ಮಲೆನಾಡಿನಲ್ಲಿ ಕೋವಿಯ ಗುಂಡಿಗೂ ಈಡು ಅನ್ನುತ್ತಾರೆ. ಪೇಪರಿನಲ್ಲಿ ದಿನಾ ಓದುತ್ತೇವಲ್ಲ, ‘ದೌರ್ಜನ್ಯಕ್ಕೆ ಈಡಾದ ಮಹಿಳೆ’ ಅಂತ, ಅಲ್ಲಿಯೂ ಅದೇ ಶಬ್ದ. ಬೆಳ್ಳಿ ಈ ಎರಡೂ ಅರ್ಥದಲ್ಲಿ ಈಡಾದವಳು. ಸಾಲಕ್ಕೆ ಈಡು ಕೊಟ್ಟಳು, ದೌರ್ಜನ್ಯಕ್ಕೆ ಈಡಾದಳು. ಕನ್ನಡ ಭಾಷೆಗೆ ಗೊತ್ತಿದ್ದ ಈ ಸಂಬಂಧ ಕನ್ನಡ ವಿಮರ್ಶೆಗೆ ಗೊತ್ತಾಗಲಿಲ್ಲ.

ಮಾರ್ಕ ಗ್ರೀಕಿನಲ್ಲಿ ಬರೆದ ಮೂಲ ಶಬ್ದ ‘ಲೂತ್ರೋನ್’. ಗುಲಾಮನನ್ನೋ ಯುದ್ಧದಲ್ಲಿ ಸಿಕ್ಕ ಕೈದಿಯನ್ನೋ ಬಿಡಿಸಲು ಕೊಡುವ ದುಡ್ಡು ಅಂತ ಅದರ ಅರ್ಥ. ಅಂದರೆ ಇದು ಗುಡಿಯಲ್ಲಿ ಹುಟ್ಟಿದ ಮಾತಲ್ಲ, ಗುಲಾಮರ ಸಂತೆಯಲ್ಲಿ ಹುಟ್ಟಿದ್ದು. ಶಿಲುಬೆಯೂ ಹಾಗೇ. ರೋಮಿನವರು ತಮ್ಮ ಪೌರರಿಗೆ ಅದನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ, ಅದು ಗುಲಾಮರ, ದಂಗೆಕೋರರ ಗಲ್ಲು. ಕ್ರಿಸ್ತ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲು ಸ್ಪಾರ್ಟಕಸನ ದಂಗೆ ಮುರಿದಾಗ ಆರು ಸಾವಿರ ಗುಲಾಮರನ್ನು ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದ್ದರು. ಯೂದನಿಗೆ ಸಿಕ್ಕ ಮೂವತ್ತು ಬೆಳ್ಳಿ ನಾಣ್ಯದ ಕಥೆ ಎಲ್ಲರಿಗೂ ಗೊತ್ತು. ಆ ಮೂವತ್ತು ಎಲ್ಲಿಂದ ಬಂತು? ಎತ್ತು ಹಾಯ್ದು ಒಬ್ಬ ಗುಲಾಮ ಸತ್ತರೆ ಎತ್ತಿನ ಯಜಮಾನ ಗುಲಾಮನ ಯಜಮಾನನಿಗೆ ಕೊಡಬೇಕಾದ ಪರಿಹಾರ ಮೂವತ್ತು ಬೆಳ್ಳಿ ಅಂತ ವಿಮೋಚನಕಾಂಡದ ಕಟ್ಟಳೆ. ಯೇಸುವನ್ನು ಆಳಿನ ಬೆಲೆಗೆ ಮಾರಿದರು ಅಂತಲೇ ಅರ್ಥ. ಆ ಪರಿಹಾರವಾದರೂ ಸತ್ತವನ ಹೆಂಡತಿ ಮಕ್ಕಳಿಗೆ ಅಲ್ಲ, ಧಣಿಗೆ. ಮೂಲದಾಳು ಸತ್ತರೆ ನಷ್ಟ ಯಾರದ್ದು ಅಂತ ನಮ್ಮ ಊರುಗಳಲ್ಲೂ ಹೀಗೇ ಲೆಕ್ಕ ಹಾಕುತ್ತಿದ್ದರು.

‘ನಮ್ಮ ತಂದೆಯೇ’ ಪ್ರಾರ್ಥನೆಯನ್ನೇ ನೋಡಿ. ಮತ್ತಾಯನ ಗ್ರೀಕಿನಲ್ಲಿ ಜನ ದೇವರನ್ನು ಬೇಡುವುದು ಸಾಲ ಬಿಡು ಅಂತ, ನಾವೂ ನಮ್ಮ ಸಾಲಗಾರರಿಗೆ ಬಿಟ್ಟಿದ್ದೇವೆ ಅಂತ. ಯೇಸು ಆಡುತ್ತಿದ್ದ ಅರಾಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಶಬ್ದ. ಕನ್ನಡಕ್ಕೆ ಬರುವಾಗ ಅದು ತಪ್ಪು ಆಯಿತು, ಪಾಪ ಆಯಿತು. ಸಾಲ ಮಾಯವಾಯಿತು. ತೋಟದ ಧಣಿಯೂ ಲೈನಿನ ಆಳೂ ಒಂದೇ ಬೆಂಚಿನ ಸಾಲಿನಲ್ಲಿ ಮಂಡಿಯೂರಿ ಹೇಳಬಹುದಾದ ಪ್ರಾರ್ಥನೆಯಾಯಿತು. ‘ಸಾಲ’ ಅಂತಲೇ ಉಳಿದಿದ್ದರೆ ಧಣಿಯ ನಾಲಿಗೆ ಅಲ್ಲಿ ತೊದಲುತ್ತಿತ್ತು.

ಇನ್ನು ಮುಖ್ಯ ಪ್ರಶ್ನೆ. ಈಡು ಕೊಟ್ಟದ್ದು ಯಾರಿಗೆ?

ಇದು ನಾನು ಹೊಸದಾಗಿ ಎತ್ತಿದ ತಕರಾರಲ್ಲ, ಕ್ರೈಸ್ತ ಪಂಡಿತರು ನೂರಾರು ವರ್ಷ ತಲೆ ಕೆಡಿಸಿಕೊಂಡ ತಕರಾರು. ಮೂರನೇ ಶತಮಾನದ ಓರಿಗೆನ್ ಸೈತಾನನಿಗೆ ಅಂದ. ಮನುಷ್ಯರು ಸೈತಾನನ ವಶದಲ್ಲಿದ್ದರು, ಅವನಿಗೆ ಬೆಲೆ ಕೊಟ್ಟು ಬಿಡಿಸಬೇಕಾಯಿತು ಅಂತ. ನಾಲ್ಕನೇ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಅದಕ್ಕೆ ಗಾಳದ ಕಥೆ ಸೇರಿಸಿದ. ಮನುಷ್ಯದೇಹ ಎರೆ, ಒಳಗಿನ ದೈವತ್ವ ಗಾಳ, ನುಂಗಿದ ಸೈತಾನ ಸಿಕ್ಕಿಬಿದ್ದ. ಅದೇ ಕಾಲದ ಇನ್ನೊಬ್ಬ ಗ್ರೆಗೊರಿ, ನಾಜಿಯಾಂಜುಸಿನವನು, ಇದನ್ನು ಒಪ್ಪಲಿಲ್ಲ. ಕಳ್ಳನಿಗೆ ಬೆಲೆ ಕೊಡುವುದೇ, ಅದೂ ಇಷ್ಟು ದೊಡ್ಡ ಬೆಲೆ, ಅಂತ ರೇಗಿದ. ೧೦೯೮ರ ಸುಮಾರಿಗೆ ಅನ್ಸೆಲ್ಮ್ ಎಂಬ ಆರ್ಚ್‌ಬಿಷಪ್ ಪ್ರಶ್ನೆಯನ್ನೇ ತಿರುಗಿಸಿದ. ಸಾಲ ಸೈತಾನನದ್ದಲ್ಲ, ದೇವರದ್ದು. ಮನುಷ್ಯ ಪಾಪ ಮಾಡಿ ದೇವರ ಮಾನಕ್ಕೆ ಕುಂದು ತಂದ, ಆ ಮಾನ ತುಂಬಿ ಕೊಡುವ ಯೋಗ್ಯತೆ ಮನುಷ್ಯನಿಗಿಲ್ಲ, ದೇವರೇ ಮನುಷ್ಯನಾಗಿ ಬಂದು ತುಂಬಿಕೊಟ್ಟ. ಯೂರೋಪಿನ ಜಹಗೀರುದಾರಿ ಕಾಲದ ತಲೆ ಇದು. ಧಣಿಯ ಮರ್ಯಾದೆ ಎಷ್ಟು ದೊಡ್ಡದೋ ಒಕ್ಕಲಿನ ತಪ್ಪೂ ಅಷ್ಟು ದೊಡ್ಡದು ಅನ್ನುವ ನ್ಯಾಯ.

ಈ ಪಂಡಿತರನ್ನು ಚೋಮನ ಅಂಗಳಕ್ಕೆ ಕರೆದು ತನ್ನಿ. ಓರಿಗೆನ್ನನ ಸೈತಾನ ಯಾರು ಅಂತ ಬೆಳ್ಳಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದವನು. ಅನ್ಸೆಲ್ಮನ ದೇವರು ಯಾರು ಅಂತ ಚೋಮನಿಗೆ ಗೊತ್ತಾಗುತ್ತದೆ. ಸಂಕಪ್ಪಯ್ಯನಿಗೆ ಭೂಮಿ ಕೊಡುವ ಮನಸ್ಸು ಒಂದಿಷ್ಟು ಇದ್ದರೂ, ಹೊಲೆಯನಿಗೆ ಬೇಸಾಯವೇ ಅಂತ ಅವನ ತಾಯಿ ಅಡ್ಡಿ ಬರುತ್ತಾಳಲ್ಲ, ಅಲ್ಲಿ ಅಡ್ಡ ನಿಂತದ್ದು ದುಡ್ಡಲ್ಲ, ಮಾನ. ಜಾತಿಯ ಮಾನ. ಅದನ್ನು ತುಂಬಿಕೊಡಲಿಕ್ಕೆ ಚೋಮ ಏಳು ಜನ್ಮ ದುಡಿದರೂ ಆಗುವುದಿಲ್ಲ. ದುಡ್ಡಿನ ಸಾಲಕ್ಕೆ ಬೆಳ್ಳಿ ಸಾಕಾದಳು. ಹುಟ್ಟಿನ ಸಾಲಕ್ಕೆ ಯಾವ ಈಡೂ ಸಾಲದು.

ಹೀಗಂತ ಬೈಬಲ್ಲಿನಲ್ಲಿ ಇರುವುದು ಲೇವಾದೇವಿಯ ವಿಮೋಚನೆ ಒಂದೇ ಅಂತ ತಿಳಿಯಬಾರದು. ಅದಕ್ಕಿಂತ ಹಳೆಯದೊಂದಿದೆ. ಇಟ್ಟಿಗೆ ಮಾಡುವ ಬಿಟ್ಟಿಯಾಳುಗಳು ಐಗುಪ್ತದಿಂದ ಹೊರಟದ್ದು. ಆಗ ಫರೋಹನಿಗೆ ಯಾರೂ ಈಡು ಕೊಡಲಿಲ್ಲ. ಬದಲಿಗೆ ಹೊರಡುವಾಗ ಆಳುಗಳೇ ಐಗುಪ್ತದವರಿಂದ ಬೆಳ್ಳಿ ಬಂಗಾರ ಕೇಳಿ ಪಡೆದುಕೊಂಡು ಹೋದರು ಅಂತ ಗ್ರಂಥ ಹೇಳುತ್ತದೆ. ಬಾಕಿ ಕೂಲಿ ಅನ್ನಿ. ಅದಾದ ಮೇಲಿನ ಕಟ್ಟಳೆಯಲ್ಲಿ ‘ಗೋಯೆಲ್’ ಅಂತ ಒಬ್ಬ ಬರುತ್ತಾನೆ. ಹೀಬ್ರೂ ಭಾಷೆಯಲ್ಲಿ ವಿಮೋಚಕ ಅನ್ನುವುದಕ್ಕೆ ಇರುವ ಶಬ್ದ ಇದೇ. ಅವನು ಆಕಾಶದಿಂದ ಇಳಿದವನಲ್ಲ, ಹತ್ತಿರದ ನೆಂಟ. ದಾಯಾದಿ ಬಡವನಾಗಿ ಭೂಮಿ ಮಾರಿದರೆ ಬಿಡಿಸಿ ತರಬೇಕಾದವನು, ತಾನೇ ಜೀತಕ್ಕೆ ಬಿದ್ದರೆ ಬಿಡಿಸಬೇಕಾದವನು. ಯಾಜಕಕಾಂಡದ ಇಪ್ಪತ್ತೈದನೇ ಅಧ್ಯಾಯದ ಪ್ರಕಾರ ಐವತ್ತನೇ ವರ್ಷ ಭೂಮಿಯೆಲ್ಲ ಮೊದಲಿನವರಿಗೆ ಹಿಂದಿರುಗಬೇಕು, ಜೀತದಲ್ಲಿದ್ದವನು ಮಕ್ಕಳನ್ನು ಕರಕೊಂಡು ಮನೆಗೆ ಹೋಗಬೇಕು. ಭೂಮಿ ಯಾರೂ ಶಾಶ್ವತವಾಗಿ ಮಾರುವ ವಸ್ತುವಲ್ಲ. ಚೋಮ ಜನ್ಮವಿಡೀ ಕೇಳಿದ್ದು ಇಷ್ಟೇ ತಾನೆ? ನೆಲ, ಮತ್ತು ಮಕ್ಕಳು ಮನೆಯಲ್ಲಿರುವುದು.

ಅದೇ ಅಧ್ಯಾಯದ ಕೊನೆಯನ್ನೂ ಓದಬೇಕು, ಪಾದ್ರಿಗಳು ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಸ್ವಂತ ಜನರನ್ನು ಬಿಡಬೇಕು, ಸುತ್ತಲಿನ ಜನಾಂಗದಿಂದ ಕೊಂಡ ಗುಲಾಮರನ್ನು ಮಾತ್ರ ಮಕ್ಕಳ ಕಾಲಕ್ಕೂ ಆಸ್ತಿಯಾಗಿ ಇಟ್ಟುಕೊಳ್ಳಬಹುದು ಅಂತ ಅಲ್ಲಿದೆ. ವಿಮೋಚನೆಗೂ ಊರು ಕೇರಿ ಇದೆ! ಈ ಗ್ರಂಥವನ್ನು ಪೂರ್ತಿ ತಲೆ ಮೇಲೆ ಹೊತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅದರಲ್ಲೇ ಆಳುಗಳ ದನಿ ಮತ್ತು ಧಣಿಗಳ ದನಿ ಎರಡೂ ಇದೆ, ಕಿವಿಗೊಟ್ಟು ಬೇರೆ ಮಾಡಬೇಕು ಅಂತಿದ್ದೇನೆ.

ಮನ್ವೇಲನ ಹೆಸರಿನ ಬಗ್ಗೆ ಒಂದು ಮಾತು. ಮನ್ವೇಲ ಅಂದರೆ ಮ್ಯಾನುಯೆಲ್, ಅದರ ಮೂಲ ಇಮ್ಮಾನುವೇಲ್. ‘ದೇವರು ನಮ್ಮ ಕೂಡ ಇದ್ದಾನೆ’ ಅಂತ ಅದರ ಅರ್ಥ, ಕ್ರಿಸ್ತನ ಹೆಸರೇ ಅದು. ಕಾರಂತರು ಬೇಕೆಂದೇ ಇಟ್ಟರೋ ತೋಟಗಳಲ್ಲಿ ಕೇಳಿದ ಹೆಸರನ್ನು ಸುಮ್ಮನೆ ಇಟ್ಟರೋ, ಅದು ಅಲ್ಲಿ ಕೂತುಬಿಟ್ಟಿದೆ. ಬಿಡಿಸಬೇಕಾದವನ ಹೆಸರು ಕಟ್ಟಿಹಾಕುವವನಿಗೆ. ಇದನ್ನು ಹಿಡಿದುಕೊಂಡು ಕ್ರೈಸ್ತರನ್ನು ಹಳಿಯಲು ಹೊರಡುವ ಜನ ಇವತ್ತು ಬೇಕಾದಷ್ಟಿದ್ದಾರೆ. ಅವರಿಗೆ ಈ ಬರಹದಿಂದ ಏನೂ ಸಿಗದು. ಘಟ್ಟದ ಮೇಲೆ ತೋಟ ಮಾಡಿದವರಲ್ಲಿ ಬಿಳಿಯರಿದ್ದರು, ಗೌಡರಿದ್ದರು, ಬ್ರಾಹ್ಮಣರಿದ್ದರು, ಕೊಂಕಣಿ ಕ್ರೈಸ್ತರೂ ಇದ್ದರು. ಸಾಲದ ಪುಸ್ತಕಕ್ಕೆ ಜಾತಿ ಮತ ಇಲ್ಲ, ಅದರೊಳಗೆ ಬರೆಸಿಕೊಂಡವರಿಗೆ ಮಾತ್ರ ಇದೆ. ಮತ್ತೊಂದು: ನೀರಿನಲ್ಲಿ ಮುಳುಗುತ್ತಿದ್ದ ಚೋಮನ ಕಿರಿಯ ಮಗನನ್ನು ದಡದಲ್ಲಿ ನಿಂತು ನೋಡಿದವರು ಕ್ರೈಸ್ತರಲ್ಲ.

ಇಲ್ಲಿಗೆ ‘ಉದ್ಧಾರ’ ಬಂತು. ಉದ್ಧಾರ ಅಂದರೆ ಮೇಲಕ್ಕೆ ಎತ್ತುವುದು. ೧೯೩೨ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದ ಆಯಿತು. ೧೯೩೩ರಲ್ಲಿ ಗಾಂಧಿ ‘ಹರಿಜನ’ ಪತ್ರಿಕೆ ಶುರುಮಾಡಿದರು, ಊರೂರಲ್ಲಿ ಹರಿಜನೋದ್ಧಾರದ ಭಾಷಣ. ಅದೇ ವರ್ಷ ಬಂದ ಈ ಕಾದಂಬರಿಯಲ್ಲಿ ಅಕ್ಷರಶಃ ಮೇಲೆತ್ತಬೇಕಾದ ಒಂದು ಮಗು ಇದೆ, ಕೈ ಚಾಚಿದರೆ ಸಾಕು. ಮುಟ್ಟಬೇಕಾಗುತ್ತದೆ ಅಂತ ಯಾರೂ ಎತ್ತಲಿಲ್ಲ. ಕಾರಂತರ ಬಗ್ಗೆ ಬಂಡಾಯದವರಿಗೆ ನೂರು ತಕರಾರಿರಬಹುದು, ನನಗೂ ಇವೆ. ಈ ಒಂದು ದೃಶ್ಯಕ್ಕೆ ಮಾತ್ರ ನಾನು ಅವರಿಗೆ ಕೈ ಮುಗಿಯುತ್ತೇನೆ.

ಮಗ ಮುಳುಗಿದ ಮೇಲೆ ಚೋಮ ಮತ ಬದಲಿಸಲು ಹೊರಡುತ್ತಾನೆ. ಆ ಕಡೆ ಹೋದರೆ ಭೂಮಿ ಸಿಕ್ಕೀತು ಅಂತ. ಮನೆದೈವದ ನೆನಪು ಅಡ್ಡ ಬಂದು ಹಿಂದಿರುಗುತ್ತಾನೆ. ಇದು ಮೂಢನಂಬಿಕೆ, ಲೇಖಕರು ಹೊಲೆಯನನ್ನು ಬೇಕೆಂದೇ ಹಿಂದೆ ಎಳೆದರು ಅಂತ ನಮ್ಮಲ್ಲಿ ಒಂದು ವಾದ. ಅಲ್ಲ, ಇದು ಬೇರು ಬಿಡದ ನಿಷ್ಠೆ ಅಂತ ಎದುರು ವಾದ. ನನಗೆ ಎರಡೂ ಪೂರ್ತಿ ಹಿಡಿಸುವುದಿಲ್ಲ. ಚೋಮ ಅವತ್ತು ಹೋದದ್ದು ಮೂರನೇ ಅಂಗಡಿಗೆ. ಸಂಕಪ್ಪಯ್ಯನ ಅಂಗಳದಲ್ಲಿ ದುಡಿಮೆ ಕೊಟ್ಟ, ಭೂಮಿ ಸಿಗಲಿಲ್ಲ. ತೋಟಕ್ಕೆ ಮಕ್ಕಳನ್ನು ಕೊಟ್ಟ, ಸಾಲ ತೀರಿತು, ಹೇಗೆ ಅಂತ ಅವನಿಗೆ ಗೊತ್ತಿಲ್ಲ. ಇಲ್ಲಿ ಭೂಮಿಗೆ ಬದಲು ಹಿರಿಯರ ದೈವವನ್ನು ಕೊಡಬೇಕು. ಉಳಿದಿದ್ದದ್ದು ಅದೊಂದೇ. ಅದನ್ನೂ ಈಡು ಇಡಲು ಅವನ ಕಾಲು ಮುಂದೆ ಹೋಗಲಿಲ್ಲ. ಪುಕ್ಕಟೆ ಕೊಡುವ ದೇವರು ಅಂತ ಸಾರುವ ಮತವೇ ಇಲ್ಲಿ ವ್ಯಾಪಾರದ ರೂಪದಲ್ಲಿ ಅವನೆದುರು ನಿಂತದ್ದು ಚೋಮನ ತಪ್ಪೇ?

ಮಿಷನ್ನಿನವರ ಇತಿಹಾಸ ಇದಕ್ಕಿಂತ ದೊಡ್ಡದು ಅನ್ನಬಹುದು, ಒಪ್ಪುತ್ತೇನೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ ತೆರೆಯಿತು, ಅಚ್ಚುಕೂಟ ಹಾಕಿತು. ಮತ ಬದಲಿಸಿದವರಿಗೆ ಜಾತಿಯ ಕಸುಬು, ಗೇಣಿಯ ಭೂಮಿ ಕೈತಪ್ಪಿದಾಗ ನೇಯ್ಗೆ, ಹೆಂಚಿನ ಕಾರ್ಖಾನೆ ಕೊಟ್ಟಿತು. ಮೋಗ್ಲಿಂಗ್ ಕೊಡಗಿನ ಆನಂದಪುರದಲ್ಲಿ ಹೊಲೆಯರಿಗೆ ನೆಲೆ ಮಾಡಿಕೊಟ್ಟ. ನಮ್ಮವರಿಗೆ ಮೊದಲು ಅಕ್ಷರ ಕೊಟ್ಟವರಲ್ಲಿ ಇವರೂ ಇದ್ದಾರೆ, ಮಠಗಳಿಲ್ಲ. ಆದರೆ ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ತೋರಿಸುವುದನ್ನೂ ಮರೆಯಬಾರದು. ಪಾದ್ರಿ ಜೀವರತ್ನಯ್ಯ ಕಣ್ಣಿಟ್ಟಿದ್ದು ಬೆಟ್ಟಳ್ಳಿಯ ದೇವಯ್ಯಗೌಡನ ಮೇಲೆ. ಸಿಂಬಾವಿಯ ಜೀತದ ನಾಯಿಗುತ್ತಿ ಕಣ್ಣೆದುರೇ ಓಡಾಡುತ್ತಿದ್ದರೂ ದೊಡ್ಡ ಬೇಟೆ ಗೌಡನೇ.

ಅಂಬೇಡ್ಕರರು ಈ ಇಡೀ ಲೆಕ್ಕವನ್ನು ಬೇರೆ ರೀತಿ ನೋಡಿದರು. ೧೯೩೫ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂದರು, ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬೌದ್ಧರಾದರು. ನಡುವಿನ ಇಪ್ಪತ್ತೊಂದು ವರ್ಷದಲ್ಲಿ ಕ್ರೈಸ್ತ ಮತವನ್ನೂ ತೂಗಿ ನೋಡಿದರು. ಮತಾಂತರಗೊಂಡ ಅಸ್ಪೃಶ್ಯರ ಬಗ್ಗೆ ಅವರು ಬರೆದದ್ದು ನಿಷ್ಠುರ. ಮನುಷ್ಯನ ಪತನಕ್ಕೆ ಕಾರಣ ಅವನ ಪಾಪ ಅಂತ ಕಲಿಸಿದರೆ, ತನ್ನನ್ನು ಕೆಳಗಿಟ್ಟ ಸಮಾಜದ ಕಡೆ ಅವನ ಕಣ್ಣು ಹೋಗುವುದೇ ಇಲ್ಲ ಅನ್ನುವುದು ಅವರ ಆಕ್ಷೇಪಣೆ. ಸಾಲ ಕೊಟ್ಟವನು ತಪ್ಪಿಸಿಕೊಳ್ಳುತ್ತಾನೆ, ಸಾಲಗಾರ ಎದೆ ಬಡಿದುಕೊಳ್ಳುತ್ತಾನೆ. ಬುದ್ಧನನ್ನು ಅವರು ಮೋಕ್ಷದಾತ ಅನ್ನಲಿಲ್ಲ, ಮಾರ್ಗದಾತ ಅಂದರು. ದಾರಿ ತೋರಿಸುವವನು, ನಡೆಯಬೇಕಾದವರು ನಾವೇ. ಇನ್ನೊಬ್ಬ ನಮ್ಮ ಬದಲು ತೆರುವ ಈಡು ಅಲ್ಲಿಲ್ಲ.

ಕ್ರೈಸ್ತರಾದ ನಮ್ಮವರ ಪಾಡು ಏನಾಯಿತು? ಕೆಲವು ಕಡೆ ಇಗರ್ಜಿಯೊಳಗೂ ಜಾತಿ, ಸತ್ತ ಮೇಲೆ ಹೂಳುವ ಜಾಗಕ್ಕೂ ಗೆರೆ. ಸರ್ಕಾರದ ಲೆಕ್ಕ ಇನ್ನೂ ವಿಚಿತ್ರ. ೧೯೫೦ರ ರಾಷ್ಟ್ರಪತಿಗಳ ಆಜ್ಞೆ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಕಟ್ಟಿತು, ೧೯೫೬ರಲ್ಲಿ ಸಿಖ್ಖರನ್ನು, ೧೯೯೦ರಲ್ಲಿ ಬೌದ್ಧರನ್ನು ಸೇರಿಸಿತು. ಕ್ರೈಸ್ತ ದಲಿತ ಹೊರಗೇ ಉಳಿದ. ಊರಿನವರ ಕಣ್ಣಿಗೆ ಅವನು ಹೊಲೆಯನೇ, ಕಚೇರಿಯ ಕಾಗದಕ್ಕೆ ಮಾತ್ರ ಅಲ್ಲ. ಇಗರ್ಜಿಯ ದಾರಿಯಿಂದ ತಿರುಗಿದ ಚೋಮನನ್ನು ಮೂಢ ಅನ್ನುವ ಮೊದಲು ಇದನ್ನೂ ಯೋಚಿಸಿ.

ಇಗರ್ಜಿಯೊಳಗಿದ್ದುಕೊಂಡೇ ಜಗಳ ತೆಗೆದವರೂ ಇದ್ದಾರೆ, ಅವರನ್ನು ಬಿಟ್ಟರೆ ಅನ್ಯಾಯ. ೧೯೮೧ರಲ್ಲಿ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಚರ್ಚೆ ಹೊರಟಿತು. ಮೇಲ್ಜಾತಿಯಿಂದ ಬಂದ ಕ್ರೈಸ್ತರು ವೇದಾಂತದ ಬಣ್ಣ ಹಚ್ಚಿದ ಕ್ರಿಸ್ತ ನಮಗೆ ಬೇಡ, ನೊಂದವರಲ್ಲಿ ನೊಂದವನಾದ ಕ್ರಿಸ್ತ ಬೇಕು ಅಂದರು. ಅದಕ್ಕಿಂತ ಮುಂದೆ ಹೋದವಳು ಅಮೆರಿಕದ ಕಪ್ಪು ಹೆಣ್ಣುಮಗಳು ಡೆಲೊರೆಸ್ ವಿಲಿಯಮ್ಸ್. ೧೯೯೩ರ ತನ್ನ ಪುಸ್ತಕದಲ್ಲಿ ಆಕೆ ಕೇಳಿದ್ದು ಇದು: ಗುಲಾಮ ಹೆಂಗಸು ಯಾವಾಗಲೂ ಇನ್ನೊಬ್ಬರ ಬದಲಿಗೆ ಇರುವವಳು. ಧಣಿಯ ಹೆಂಡತಿಯ ಬದಲು ಧಣಿಯ ಹಾಸಿಗೆಗೆ, ತಾಯಿಯ ಬದಲು ಮಗುವಿನ ಬಾಯಿಗೆ, ಗಂಡಾಳಿನ ಬದಲು ಹೊಲಕ್ಕೆ. ಇನ್ನೊಬ್ಬರ ಬದಲು ಸಾಯುವುದೇ ಪವಿತ್ರ ಅಂತ ಅವಳಿಗೆ ಬೋಧಿಸಿದರೆ ಅವಳ ಕುತ್ತಿಗೆಯ ನೊಗವೇ ಪವಿತ್ರವಾದ ಹಾಗಾಗಲಿಲ್ಲವೆ? ಯೇಸು ಬಿಡಿಸಿದ್ದು ಬದುಕಿದ ರೀತಿಯಿಂದ, ಸತ್ತದ್ದರಿಂದಲ್ಲ ಅಂತ ಆಕೆಯ ವಾದ. ಚೋಮನ ಮಗಳನ್ನು ಅವಳು ಓದಿರಲಿಕ್ಕಿಲ್ಲ. ಆದರೆ ಅವಳು ಮಾತಾಡುತ್ತಿರುವುದು ಬೆಳ್ಳಿಯ ಪರವಾಗಿಯೇ.

ಈಗ ಬೆಳ್ಳಿಗೆ ಏನು ಸಿಕ್ಕಿತು ನೋಡಿ. ದೈವಕ್ಕೆ ಹೆದರಿ ಮನೆಗೆ ಹಿಂದಿರುಗಿದ ಚೋಮ ಮಗಳನ್ನು ಮನ್ವೇಲನ ಜೊತೆ ಕಾಣುತ್ತಾನೆ. ಹೊಡೆದು ಹೊರಗಟ್ಟುತ್ತಾನೆ. ಊರು ಚೋಮನಿಗೆ ಮಾಡಿದ್ದನ್ನೇ ಚೋಮ ಬೆಳ್ಳಿಗೆ ಮಾಡಿದ: ಮೈಲಿಗೆಯಾದವಳು, ಹೊಸ್ತಿಲು ದಾಟಬೇಡ. ಸಂಕಪ್ಪಯ್ಯನ ತಾಯಿಯ ಬಾಯಲ್ಲಿದ್ದ ಮಾನ ಈಗ ಹೊಲೆಯನ ಬಾಯಿಗೂ ಬಂದಿದೆ. ಮನುಧರ್ಮ ಅಷ್ಟು ಕೆಳಗೆ ಇಳಿದಿರುತ್ತದೆ. ಆಮೇಲೆ ಎತ್ತುಗಳನ್ನು ಕಾಡಿಗಟ್ಟುತ್ತಾನೆ, ಬಾಗಿಲು ಹಾಕುತ್ತಾನೆ, ದುಡಿ ಎತ್ತಿಕೊಳ್ಳುತ್ತಾನೆ. ನಾವೆಲ್ಲ ಆ ದುಡಿಗೆ ಕಿವಿಗೊಟ್ಟು ಕೂತೆವು. ಸಾಲ ತೀರಿಸಿದವಳು ಹೊರಗೆ ನಿಂತಿದ್ದಾಳೆ. ಕಾರಂತರೂ ಅವಳ ಹಿಂದೆ ಹೋಗುವುದಿಲ್ಲ. ಅವರ ಕರುಣೆ ಅಪ್ಪನ ಪಾಲಾಯಿತು. ಕ್ರೈಸ್ತರ ಕಥೆಯಲ್ಲಾದರೂ ಈಡು ಕೊಟ್ಟವನನ್ನು ಮೂರನೇ ದಿನ ಎಬ್ಬಿಸಿ ಗದ್ದುಗೆ ಏರಿಸುತ್ತಾರೆ. ನಮ್ಮ ಕಥೆಯಲ್ಲಿ ಈಡು ಕೊಟ್ಟವಳಿಗೆ ಬಂದದ್ದು ‘ಜಾರಿಣಿ’ ಅನ್ನುವ ಪಟ್ಟ.

ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದು ೧೯೭೫ರಲ್ಲಿ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೂ ರಾಷ್ಟ್ರಪ್ರಶಸ್ತಿ ಬಂತು. ಅದೇ ವರ್ಷದ ಅಕ್ಟೋಬರ್ ೨೪ರಂದು, ತುರ್ತುಪರಿಸ್ಥಿತಿಯ ನಡುವೆ, ಜೀತಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಹೊರಟಿತು. ೧೯೭೬ರಲ್ಲಿ ಅದು ಕಾಯಿದೆಯಾಯಿತು. ಈ ಕಾಯಿದೆಯನ್ನು ಸಾಹಿತ್ಯದವರು ಓದಬೇಕು. ಜೀತದ ಸಾಲ ಪೂರ್ತಿ ಅಳಿದುಹೋಯಿತು ಅಂತ ಅದು ಹೇಳುತ್ತದೆ. ತೀರಿತು ಅಲ್ಲ, ಅಳಿಯಿತು. ಒತ್ತೆ ಇಟ್ಟದ್ದನ್ನು ಹಿಂದೆ ಕೊಡಬೇಕು. ಅಷ್ಟೇ ಅಲ್ಲ, ಅಳಿದ ಸಾಲಕ್ಕೆ ಯಾರಾದರೂ ಏನಾದರೂ ವಸೂಲು ಮಾಡಿದರೆ ಮೂರು ವರ್ಷದವರೆಗೆ ಸಜೆ. ಅಂದರೆ ಈಡು ತಗೊಳ್ಳುವುದೇ ಅಪರಾಧ! ಓರಿಗೆನ್ನನಿಗೂ ಅನ್ಸೆಲ್ಮನಿಗೂ ಹೊಳೆಯದ ವಿಮೋಚನೆ ಇದು. ಐಗುಪ್ತದ ಆಳುಗಳಿಗೆ ಮಾತ್ರ ಹೊಳೆದಿತ್ತು. ಇನ್ನು ನೆಲದ ವಿಷಯ. ೧೯೭೪ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು, ಗೇಣಿ ಚೀಟಿಯನ್ನೇ ಕಾಣದ ಮೂಲದಾಳಿಗೆ ಹೆಚ್ಚೆಂದರೆ ಗುಡಿಸಲ ಅಡಿಯ ಜಾಗ. ಕಾಫಿ ತೋಟಗಳು ಭೂಮಿತಿಯ ಆಚೆಗೇ ಉಳಿದವು.

ಜೀತ ಅನ್ನುವ ಶಬ್ದ ಈಗ ಕಾಗದದ ಮೇಲಿಲ್ಲ. ‘ಮುಂಗಡ’ ಇದೆ. ಘಟ್ಟದ ಕೆಳಗಿನವರು ಬರುವುದು ಕಡಿಮೆಯಾಯಿತು, ಅವರ ಮಕ್ಕಳು ಓದಿ ಬೇರೆ ದಾರಿ ಹಿಡಿದರು. ಲೈನಿಗೆ ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬರುತ್ತಾರೆ. ಅವರ ಭಾಷೆ ರೈಟರಿಗೆ ಬಾರದು, ರೈಟರ ಲೆಕ್ಕ ಅವರಿಗೆ ಬಾರದು.

ಈ ಕಾದಂಬರಿಯನ್ನು ಪಾಠ ಮಾಡುವ ಮೇಷ್ಟ್ರುಗಳಿಗೆ ಒಂದು ಕೆಲಸ ಹೇಳುತ್ತೇನೆ. ಚೋಮನ ಪಾತ್ರಚಿತ್ರಣ ಬರೆಯಿರಿ ಅಂತ ಈ ವರ್ಷ ಕೇಳಬೇಡಿ. ಹುಡುಗರ ಕೈಗೆ ಒಂದು ಖಾಲಿ ಹಾಳೆ ಕೊಡಿ, ಎಡಕ್ಕೆ ಕೊಟ್ಟದ್ದು, ಬಲಕ್ಕೆ ಬಂದದ್ದು ಅಂತ ಎರಡು ಕಲಮು ಹಾಕಿಸಿ, ಚೋಮನ ಮನೆಯವರೆಲ್ಲರ ಹೆಸರು ಬರೆಸಿ. ಸತ್ತ ಮಗನ ದುಡಿಮೆ ಎಷ್ಟು ದಿನದ್ದು, ಗುರುವನದ್ದು ಎಷ್ಟು, ಪುಸ್ತಕದಲ್ಲಿ ಅದರಿಂದ ಎಷ್ಟು ಕಳೆಯಿತು ಅಂತ ಹುಡುಕಲಿ. ಬೆಳ್ಳಿಯ ಸಾಲಿಗೆ ಬಂದಾಗ, ಆ ದಿನ ಮನ್ವೇಲ ತನ್ನ ಪುಸ್ತಕದಲ್ಲಿ ಅವಳ ಅಪ್ಪನ ಹೆಸರಿನ ಎದುರು ಏನಂತ ಬರೆದು ಗೆರೆ ಎಳೆದಿರಬಹುದು ಅನ್ನುವುದನ್ನು ಅವರೇ ಬರೆಯಲಿ.